ಬಾಗಿಲು ಹಾಕಿ, ಒಬ್ಬೊಬ್ಬರನ್ನೇ ಕೇಳಿ

(ದಂಪತಿ ಮತ್ತು ಕುಟುಂಬ ಸಮಾಲೋಚನೆ ಮಾಡುವವರಿಗಾಗಿ ಶಿವಮೊಗ್ಗದಲ್ಲಿ ನಾನು ಆಡಿದ ಮಾತುಗಳ ಬರಹ ರೂಪ. ಇಲ್ಲಿ ಬರುವ ಮನೆಗಳ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಗಂಡ ಹೆಂಡತಿಯನ್ನು ಎದುರು ಕೂರಿಸಿಕೊಂಡು ಮಾತಾಡಿಸುವವರು. ಕೆಲವರು ಸಾಂತ್ವನ ಕೇಂದ್ರದಲ್ಲಿ, ಕೆಲವರು ಕೌಟುಂಬಿಕ ನ್ಯಾಯಾಲಯದಲ್ಲಿ, ಕೆಲವರು ಆಸ್ಪತ್ರೆಯಲ್ಲಿ, ಕೆಲವರು ಸ್ವಂತ ಕ್ಲಿನಿಕ್‌ನಲ್ಲಿ. ಹಾಗಾಗಿ ಪೀಠಿಕೆ ಬೇಡ. ನನ್ನ ಕೆಲಸದ ಎರಡನೇ ವರ್ಷದಲ್ಲಿ ನಡೆದ ಒಂದು ಸಂಗತಿ ಹೇಳಿ ವಿಷಯಕ್ಕೆ ಬರುತ್ತೇನೆ.

ಒಂದು ಜೋಡಿ ಬಂದಿತ್ತು. ಮದುವೆಯಾಗಿ ಏಳು ವರ್ಷ. ಸಮಸ್ಯೆ ಏನು ಅಂದರೆ "ನಮ್ಮಿಬ್ಬರ ನಡುವೆ ಮಾತುಕತೆ ಇಲ್ಲ" ಎಂದರು. ಹೇಳಿದ್ದು ಗಂಡ. ಆಕೆ ಪ್ರತಿ ಉತ್ತರಕ್ಕೂ ಮೊದಲು ಒಮ್ಮೆ ಅವರ ಮುಖ ನೋಡುತ್ತಿದ್ದರು. ನಾನು ಅದನ್ನು ಸಂಕೋಚ ಅಂದುಕೊಂಡೆ. ನನ್ನ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು. ಇಬ್ಬರನ್ನೂ ಎದುರಿಗೇ ಕೂರಿಸಿಕೊಂಡು ಅದನ್ನು ಓದಿದೆ: "ಮನೇಲಿ ಹೊಡೆಯೋದು ಬಡಿಯೋದು ಏನಾದ್ರೂ ಇದೆಯಾ?" ಗಂಡ ನಕ್ಕರು. "ಛೇ, ನಾವು ಅಂಥ ಮನೆಯವರಲ್ಲ ಮೇಡಂ." ಆಕೆ, "ಇಲ್ಲ ಮೇಡಂ" ಎಂದರು. ನಾನು 'ಇಲ್ಲ' ಎಂದಿದ್ದ ಕಡೆ ಟಿಕ್ ಹಾಕಿದೆ.

ಮೂರನೇ ವಾರ ಆಕೆಗೆ ಹೇಳಿದೆ, "ಇಲ್ಲಿ ಯಾರ ಭಯವೂ ಬೇಡ, ಮನಸ್ಸಿನಲ್ಲಿ ಇರೋದನ್ನ ಬಿಚ್ಚಿ ಹೇಳಿ." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಸಂಬಳದ ಎಟಿಎಂ ಕಾರ್ಡ್ ನನ್ನ ಹತ್ತಿರ ಇರಬೇಕು ಅಂತ ಆಸೆ" ಎಂದರು. ಅಷ್ಟೇ. ಗಂಡ ತಲೆಯಾಡಿಸಿದರು. ನನಗೆ ಖುಷಿಯಾಯಿತು, ಮಾತುಕತೆ ಶುರುವಾಯಿತಲ್ಲ ಅಂತ. ಮುಂದಿನ ವಾರ ಅವರು ಬರಲಿಲ್ಲ. ಮತ್ತೆ ಬರಲೇ ಇಲ್ಲ.

ಐದಾರು ತಿಂಗಳ ಮೇಲೆ ಆಕೆ ಸಂತೆಯಲ್ಲಿ ಸಿಕ್ಕರು. ಎಡಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದರು. ನಾನು ಕೇಳುವ ಮೊದಲೇ ಹೇಳಿದರು, "ಅವತ್ತು ಕಾರ್ಡ್ ವಿಷಯ ಹೇಳಿದ್ನಲ್ಲ ಮೇಡಂ, ಅವತ್ತು ರಾತ್ರಿ ಆಗಿದ್ದು. ನೀವು ಕೇಳಿದ್ರಿ, ನಾನೂ ಹೇಳಿಬಿಟ್ಟೆ."

ನನ್ನನ್ನು ಬಯ್ಯುವ ದನಿ ಅದರಲ್ಲಿ ಇರಲಿಲ್ಲ. ಆದರೆ ಆ ಮಾತು ಇಷ್ಟು ವರ್ಷ ನನ್ನ ಜೊತೆಗೇ ಇದೆ. ಭಯ ಬೇಡ ಅಂತ ನಾನು ಹೇಳಿದ್ದು ನನ್ನ ಕೋಣೆಯ ಮಟ್ಟಿಗೆ. ಆಕೆ ಅವತ್ತು ಅದೇ ಗಂಡನ ಬೈಕಿನ ಹಿಂದೆ ಕೂತು ಮನೆಗೆ ಹೋಗಬೇಕಿತ್ತು.

ಹಲ್ಲು ಕೀಳುವ ಡಾಕ್ಟರು ಮೊದಲು ಶುಗರ್ ಇದೆಯಾ, ಬಿಪಿ ಇದೆಯಾ ಎಂದು ಕೇಳುತ್ತಾರೆ. ಕೇಳದೆ ಕಿತ್ತರೆ ಏನಾಗಬಹುದು ಅಂತ ಅವರಿಗೆ ಗೊತ್ತು. ನಮ್ಮಲ್ಲೂ ಹಾಗೇ. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವುದು ಒಳ್ಳೆಯ ಚಿಕಿತ್ಸೆಯೇ. ಆದರೆ ಒಬ್ಬರಿಗೆ ಇನ್ನೊಬ್ಬರ ಭಯ ಇರುವ ಮನೆಯಲ್ಲಿ ಅದೇ ಚಿಕಿತ್ಸೆ ಪೆಟ್ಟು ತರುತ್ತದೆ. ಆ ಭಯ ಇದೆಯಾ ಇಲ್ಲವಾ ಅಂತ ಮೊದಲೇ ತಿಳಿದುಕೊಳ್ಳುವುದಕ್ಕೆ ಸ್ಕ್ರೀನಿಂಗ್ ಅನ್ನುತ್ತೇವೆ. ಅದು ಫಾರಂ ತುಂಬುವ ಕೆಲಸ ಅಲ್ಲ.

"ಹೊಡೆತ ಇದ್ದರೆ ಅವರೇ ಹೇಳ್ತಾರಲ್ಲ" ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹೇಳುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ಓಲಿಯರಿ ಮತ್ತು ಜೊತೆಗಾರರು 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಾಂಪತ್ಯ ಚಿಕಿತ್ಸೆಗೆ ಬಂದ ಹೆಂಡತಿಯರನ್ನು ಮೂರು ರೀತಿಯಲ್ಲಿ ಕೇಳಿದರು. ನಿಮ್ಮ ಸಮಸ್ಯೆ ಏನು ಬರೆಯಿರಿ ಎಂದು ಹಾಳೆ ಕೊಟ್ಟಾಗ ಹೊಡೆತದ ವಿಷಯ ಬರೆದವರು ನೂರಕ್ಕೆ 6 ಜನ. ಎದುರು ಕೂತು ನೇರವಾಗಿ ಕೇಳಿದಾಗ 44 ಜನ ಹೌದು ಎಂದರು. ತಳ್ಳಿದರಾ, ಕೆನ್ನೆಗೆ ಹೊಡೆದರಾ, ಒದ್ದರಾ ಎಂದು ಒಂದೊಂದೇ ಕೆಲಸದ ಹೆಸರು ಹೇಳುವ ಪಟ್ಟಿ ಕೊಟ್ಟಾಗ 53 ಜನ. ಹೆಂಗಸರು ಅವರೇ. ಗಂಡಂದಿರೂ ಅವರೇ. ಬದಲಾಗಿದ್ದು ಕೇಳಿದ ರೀತಿ ಮಾತ್ರ. 6 ಎಲ್ಲಿ, 53 ಎಲ್ಲಿ!

ಅದು ಅಮೆರಿಕದ ಮಾತಾಯಿತು. ನಮ್ಮ ರಾಜ್ಯದ ಲೆಕ್ಕ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಡೆದದ್ದು 2019-21ರಲ್ಲಿ. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4ರಷ್ಟು ಜನ ಗಂಡನಿಂದ ಹಿಂಸೆ ಆಗಿದೆ ಎಂದು ಹೇಳಿದ್ದಾರೆ. ಇಡೀ ದೇಶದ ಸರಾಸರಿ ಶೇ. 29.3. ಹಿಂದಿನ ಸುತ್ತಿನಲ್ಲಿ ನಮ್ಮದು ಶೇ. 20.6 ಇತ್ತು. ಇನ್ನೊಂದು ಅಂಕಿ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ, ಹೀಗೆ ಏಳು ಕಾರಣಗಳನ್ನು ಓದಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಸಮೀಕ್ಷೆಯಲ್ಲಿ ಕೇಳುತ್ತಾರೆ. ಒಂದಕ್ಕಾದರೂ ಸರಿ ಎಂದ ಹೆಂಗಸರು ಕರ್ನಾಟಕದಲ್ಲಿ ಶೇ. 76.9. ಗಂಡಸರು ಶೇ. 81.9. ತನಗೆ ಬಿದ್ದ ಏಟು ನ್ಯಾಯವಾದದ್ದೇ ಎಂದು ನಂಬಿರುವ ಹೆಂಗಸು ಅದನ್ನು ಸಮಸ್ಯೆ ಎಂದು ಯಾಕೆ ಬರೆಯುತ್ತಾಳೆ?

ಈ ಸಮೀಕ್ಷೆ ಮಾಡುವವರಿಗೆ ಒಂದು ನಿಯಮ ಇದೆ. ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬರೇ ಹೆಂಗಸಿಗೆ ಕೇಳಬೇಕು. ಅದೂ ಬೇರೆ ಯಾರೂ ಇಲ್ಲದಾಗ. ಹಾಗೆ ಒಂಟಿಯಾಗಿ ಮಾತಾಡಿಸಲು ಆಗದಿದ್ದರೆ ಆ ಭಾಗವನ್ನು ಕೇಳದೆ ಬಿಡಬೇಕು. ಒಂದೇ ಸಲ ಬಂದು, ಅಂಕಿ ಬರೆದುಕೊಂಡು ಹೋಗುವವರಿಗೇ ಇಷ್ಟು ಎಚ್ಚರ ಇದೆ. ವಾರ ವಾರ ಕರೆಸಿ ಮಾತಾಡಿಸುವ ನಾವು ಗಂಡನ ಎದುರೇ ಕೇಳುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಮಾರ್ಗಸೂಚಿಯಲ್ಲಿ, ಆಸ್ಪತ್ರೆಗೆ ಬಂದ ಪ್ರತಿ ಹೆಂಗಸನ್ನೂ ಈ ಬಗ್ಗೆ ಕೇಳಲೇಬೇಕು ಎಂದು ಹೇಳಲಿಲ್ಲ. ಏಕಾಂತ ಇಲ್ಲದೆ, ತರಬೇತಿ ಇಲ್ಲದೆ, ಮುಂದೆ ಎಲ್ಲಿಗೆ ಕಳಿಸಬೇಕು ಅಂತ ಗೊತ್ತಿಲ್ಲದೆ ಕೇಳುವುದೇ ಬೇಡ ಎಂಬ ಕಾಳಜಿ ಅದರಲ್ಲಿದೆ. ಅದು ಸರಿ. ಆದರೆ ನಮ್ಮ ಹತ್ತಿರ ಬರುವವರು ಜ್ವರ ಕೆಮ್ಮು ಅಂತ ಬರುವವರಲ್ಲ. ಸಂಸಾರದ ತೊಂದರೆ ಅಂತಲೇ ಬರುವವರು. ಹಾಗಾಗಿ ನಮ್ಮ ಕೋಣೆಯಲ್ಲಿ ಎಲ್ಲರನ್ನೂ ಕೇಳಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಓದಿದವರು, ಒಳ್ಳೆ ಕೆಲಸದಲ್ಲಿ ಇರುವವರು, ಪ್ರೀತಿಸಿ ಮದುವೆ ಆದವರು, ಎಲ್ಲರನ್ನೂ. ಮುಖ ನೋಡಿ ಅಂದಾಜು ಮಾಡಲು ಹೋದ ಕಡೆಯೆಲ್ಲ ನಾನು ತಪ್ಪಿದ್ದೇನೆ.

ಸರಿ, ಕೇಳುವುದು ಹೇಗೆ? ಮೊದಲು ಮಾತಿನ ವಿಷಯ. 'ಕೌಟುಂಬಿಕ ದೌರ್ಜನ್ಯ' ಎಂಬ ಮಾತು ಕಾನೂನಿನ ಪುಸ್ತಕದಲ್ಲಿದೆ, ಇಲಾಖೆಯ ಬೋರ್ಡಿನ ಮೇಲಿದೆ. ತನ್ನ ಮನೆಯ ಬಗ್ಗೆ ಹೇಳುವಾಗ ಯಾರೂ ಅದನ್ನು ಬಳಸುವುದಿಲ್ಲ. "ದೌರ್ಜನ್ಯ ಇದೆಯಾ?" ಎಂದು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ. 'ಹಿಂಸೆ' ಅಂದರೂ ಕಷ್ಟ. ಆಸಿಡ್ ಎರಚುವುದು, ಬೆಂಕಿ ಹಚ್ಚುವುದು ಹಿಂಸೆ, ಕೆನ್ನೆಗೆ ಹೊಡೆಯುವುದು ಸಿಟ್ಟು ಎಂದು ಎಷ್ಟೋ ಜನ ಲೆಕ್ಕ ಹಾಕಿಕೊಂಡಿದ್ದಾರೆ. "ಹೊಡೆಯಲ್ಲ ಮೇಡಂ, ಸಿಟ್ಟು ಬಂದಾಗ ಒಂದೆರಡು ಏಟು ಹಾಕ್ತಾರೆ ಅಷ್ಟೇ" ಎಂಬ ಮಾತನ್ನು ನಾನು ಅದೆಷ್ಟು ಸಲ ಕೇಳಿದ್ದೇನೋ. ಆಕೆ ಸುಳ್ಳು ಹೇಳುತ್ತಿಲ್ಲ. 'ಹೊಡೆಯುವುದು' ಅಂದರೆ ಆಕೆಯ ಪ್ರಕಾರ ರಕ್ತ ಬರುವ ಹಾಗೆ ಬಡಿಯುವುದು. ಅದಕ್ಕೇ ಕೆಲಸದ ಹೆಸರು ಹೇಳಿ ಕೇಳಬೇಕು. ಕೈ ಮಾಡಿದ್ದಾರಾ? ತಳ್ಳಿದ್ದಾರಾ? ಕೂದಲು ಹಿಡಿದು ಎಳೆದಿದ್ದಾರಾ? ಸಾಮಾನು ಎಸೆದಿದ್ದಾರಾ? ರಾತ್ರಿ ಮನೆಯಿಂದ ಹೊರಗೆ ಹಾಕಿದ್ದಾರಾ? ಬೇಡ ಅಂದರೂ ಹತ್ತಿರ ಬರ್ತಾರಾ? ಈ ಕೊನೆಯ ಪ್ರಶ್ನೆಯನ್ನು ನಾವೇ ನುಂಗಿಬಿಡುತ್ತೇವೆ, ನಮಗೇ ಮುಜುಗರ. ಆದರೆ ಕೇಳದಿದ್ದರೆ ಆಕೆ ಅದನ್ನು ಯಾವ ಕಾಲಕ್ಕೂ ಹೇಳುವುದಿಲ್ಲ.

ಹೆಚ್ಚು ಸಮಯ ಇಲ್ಲದವರಿಗೆ 'ಹಿಟ್ಸ್' ಎಂಬ ನಾಲ್ಕೇ ಪ್ರಶ್ನೆಯ ಒಂದು ಸಾಧನ ಇದೆ. 1998ರಲ್ಲಿ ಕೆವಿನ್ ಶೆರಿನ್ ಎಂಬ ಅಮೆರಿಕದ ಕುಟುಂಬ ವೈದ್ಯರು ಮತ್ತು ಅವರ ತಂಡ ಪ್ರಕಟಿಸಿದ್ದು. ನಾಲ್ಕು ಪ್ರಶ್ನೆಗಳ ಇಂಗ್ಲಿಷ್ ಮೊದಲಕ್ಷರ ಸೇರಿ ಆ ಹೆಸರು. ಕನ್ನಡಕ್ಕೆ ತರುವಾಗ ನನಗೆ ಒಂದು ಸಂಗತಿ ಹೊಳೆಯಿತು. ನಮ್ಮಲ್ಲಿ ನಾಲ್ಕೂ 'ಹ'ಕಾರದಲ್ಲೇ ಬರುತ್ತವೆ. ಹೊಡೆಯುವುದು, ಹೀಯಾಳಿಸುವುದು, ಹೆದರಿಸುವುದು, ಹರಿಹಾಯುವುದು. ನೆನಪಿಡಲು ಸುಲಭ, ಅಲ್ವಾ? ಪ್ರತಿಯೊಂದೂ ಎಷ್ಟು ಸಲ ಆಗುತ್ತದೆ ಎಂದು ಕೇಳಿ, ಯಾವತ್ತೂ ಇಲ್ಲ ಅಂದರೆ 1, ಯಾವಾಗಲೂ ಅಂದರೆ 5 ಎಂದು ಅಂಕ ಕೊಡುತ್ತಾರೆ. ಒಟ್ಟು 10 ದಾಟಿದರೆ ಗಂಟೆ ಬಾರಿಸಿತು ಎಂದು ಅರ್ಥ. ಆದರೆ ಅಂಕವನ್ನೇ ಹಿಡಿದು ಕೂರಬೇಡಿ. ಹೊಡೆತಕ್ಕೆ 2, ಉಳಿದದ್ದಕ್ಕೆ ಒಂದೊಂದು ಬಂದರೆ ಒಟ್ಟು 5. ಆ 2ರ ಒಳಗೆ ವರ್ಷಕ್ಕೆ ಒಂದೇ ಸಲ, ಆದರೆ ಕುತ್ತಿಗೆ ಹಿಸುಕಿದ್ದು ಇರಬಹುದು. ಹಾಸಿಗೆಯಲ್ಲಿ ಆಗುವ ಬಲವಂತ ಈ ನಾಲ್ಕರಲ್ಲಿ ಇಲ್ಲವೇ ಇಲ್ಲ.

ನಮ್ಮ ಕಡೆ ಪಟ್ಟಿಗಿಂತ ಚೆನ್ನಾಗಿ ಕೆಲಸ ಮಾಡುವ ಪ್ರಶ್ನೆಯೊಂದು ನನಗೆ ಗಾದೆಯಿಂದ ಸಿಕ್ಕಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಮನೆಯ ಹಿರಿಯರು ಬಂದಾಗಲೆಲ್ಲ ಇದನ್ನು ಹೇಳಿಯೇ ಹೇಳುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಯೋಚಿಸಿದೆ. ಗಾದೆ ಹೇಳುತ್ತಿರುವುದು ಜಗಳದ ಬಗ್ಗೆ, ಮತ್ತು ಜಗಳದ ಮಟ್ಟಿಗೆ ಅದು ನಿಜ. ನಿಜವಾದ ಜಗಳದಲ್ಲಿ ಇಬ್ಬರೂ ಉಣ್ಣುತ್ತಾರೆ, ಇಬ್ಬರೂ ಮಲಗುತ್ತಾರೆ. ಹಾಗಾಗಿ ಒಬ್ಬರೇ ಇದ್ದಾಗ ಕೇಳಲು ಶುರು ಮಾಡಿದೆ: "ಕಳೆದ ಸಲ ದೊಡ್ಡ ಜಗಳ ಆಯ್ತಲ್ಲ, ಆ ರಾತ್ರಿ ಊಟ ಮಾಡಿದ್ರಾ? ಎಲ್ಲಿ ಮಲಗಿದ್ರಿ?"

ಒಬ್ಬರು ಹೇಳಿದರು, "ಇಬ್ರೂ ಉಪವಾಸ ಮೇಡಂ. ಬೆಳಿಗ್ಗೆ ಅವರೇ ಎದ್ದು ಉಪ್ಪಿಟ್ಟು ಮಾಡಿದ್ರು, ಉಪ್ಪು ಜಾಸ್ತಿ ಆಗಿತ್ತು, ಇಬ್ಬರಿಗೂ ನಗು ಬಂತು." ಇನ್ನೊಬ್ಬರು ಹೇಳಿದರು, "ತಟ್ಟೆ ಎಸೆದ್ರು. ಗೋಡೆ ಮೇಲೆಲ್ಲ ಸಾರು. ಒರೆಸಿ ಮುಗಿಸೋ ಹೊತ್ತಿಗೆ ಎರಡು ಗಂಟೆ." ಮತ್ತೊಬ್ಬರು, "ಕೊಟ್ಟಿಗೇಲಿ, ಮಗೂನ ಎತ್ಕೊಂಡು. ದನದ ಪಕ್ಕ ಬೆಚ್ಚಗಿರತ್ತೆ." ಕೊಟ್ಟಿಗೆಯ ವಿಷಯ ಹೇಳಿದ ಹೆಂಗಸು ಫಾರಂನಲ್ಲಿ ಹಿಂಸೆ ಇಲ್ಲ ಎಂದು ಬರೆಸಿದ್ದರು.

ಈ ಮೂವರಲ್ಲಿ ಮೊದಲನೆಯವರ ಮನೆಗೂ ಉಳಿದ ಇಬ್ಬರ ಮನೆಗೂ ಇರುವ ವ್ಯತ್ಯಾಸದ ಬಗ್ಗೆ ಮೈಕಲ್ ಜಾನ್ಸನ್ ಎಂಬ ಸಮಾಜಶಾಸ್ತ್ರಜ್ಞರು 1995ರಿಂದ ಬರೆಯುತ್ತ ಬಂದರು. ಕೆಲವು ಮನೆಗಳಲ್ಲಿ ಮಾತಿಗೆ ಮಾತು ಬೆಳೆದು ಯಾವತ್ತೋ ಒಮ್ಮೆ ಕೈ ಮೇಲೆ ಹೋಗುತ್ತದೆ. ಅದು ತಪ್ಪೇ, ಆದರೆ ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಹೆದರಿ ಬದುಕುತ್ತಿರುವುದಿಲ್ಲ. ಇನ್ನು ಕೆಲವು ಮನೆಗಳಲ್ಲಿ ಏಟು ಕಡಿಮೆ ಇರಬಹುದು, ಹಿಡಿತ ಪೂರ್ತಿ ಇರುತ್ತದೆ. ಯಾರ ಜೊತೆ ಮಾತಾಡಬೇಕು, ಯಾವ ಸೀರೆ ಉಡಬೇಕು, ತವರಿಗೆ ಯಾವಾಗ ಹೋಗಬೇಕು, ಫೋನಿನ ಲಾಕ್ ಏನು, ದುಡ್ಡು ಎಲ್ಲಿ, ಎಲ್ಲಕ್ಕೂ ಅವನ ಅಪ್ಪಣೆ. ಇಂಥ ಹಿಡಿತವನ್ನೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು ಅಪರಾಧ ಎಂದು ಗುರುತಿಸಿದೆ. ನನ್ನ ಎದುರು ಎಟಿಎಂ ಕಾರ್ಡ್ ಕೇಳಿದ ಹೆಂಗಸು ಇದ್ದದ್ದು ಅಂಥ ಮನೆಯಲ್ಲಿ.

ಮೊದಲ ಥರದ ಮನೆಯಲ್ಲಿ, ಇಬ್ಬರೂ ಒಪ್ಪಿದರೆ, ಗಾಯ ಭಯ ಇಲ್ಲದಿದ್ದರೆ, ಎಚ್ಚರದಿಂದ ಒಟ್ಟಿಗೆ ಕೂರಿಸಿ ಕೆಲಸ ಮಾಡಬಹುದು. ಎರಡನೇ ಥರದ ಮನೆಯಲ್ಲಿ ಬೇಡವೇ ಬೇಡ. ನಾವು ಕಲಿತ ವಿದ್ಯೆಯೇ ಅಲ್ಲಿ ತಿರುಗಿಬೀಳುತ್ತದೆ. ಯಾರ ಪಕ್ಷವನ್ನೂ ವಹಿಸಬಾರದು, ಇಬ್ಬರ ಪಾಲೂ ನೋಡಬೇಕು ಅಂತ ನಮಗೆ ಕಲಿಸಿದ್ದಾರೆ. ಆ ಮನೆಯ ಗಂಡ ಮಾರನೇ ದಿನ ಹೇಳುತ್ತಾನೆ, "ನೋಡು, ಮೇಡಂ ಕೂಡ ನಿನ್ನದೂ ತಪ್ಪಿದೆ ಅಂದ್ರು." ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ ಎಂದು ನಾನೇ ಒಬ್ಬರಿಗೆ ಬುದ್ಧಿ ಹೇಳಿದ್ದುಂಟು. ಆಕೆ ತಲೆ ತಗ್ಗಿಸಿಕೊಂಡೇ ಹೇಳಿದರು, "ಚಪ್ಪಾಳೆಗೆ ಎರಡು ಕೈ ಬೇಕು ಮೇಡಂ, ಕೆನ್ನೆಗೆ ಹೊಡೆಯೋಕೆ ಒಂದೇ ಸಾಕು." ಅವತ್ತಿನಿಂದ ಆ ಮಾತನ್ನು ಬಿಟ್ಟಿದ್ದೇನೆ.

ಒಬ್ಬೊಬ್ಬರನ್ನೇ ಕರೆದರೆ ಗಂಡನಿಗೆ ಅನುಮಾನ ಬರುವುದಿಲ್ಲವೇ ಎಂದು ಕೇಳುತ್ತೀರಿ. ಬರುತ್ತದೆ, ಆಕೆಯನ್ನು ಮಾತ್ರ ಕರೆದರೆ. ಇಬ್ಬರನ್ನೂ ಕರೆದರೆ, ಬಂದ ಎಲ್ಲ ಜೋಡಿಗೂ ಹಾಗೇ ಮಾಡಿದರೆ, ಅದು ನಮ್ಮ ಕಚೇರಿಯ ಪದ್ಧತಿ ಆಗುತ್ತದೆ. ನಾನು ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳುತ್ತೇನೆ: "ಮೊದಲ ದಿನ ಹತ್ತು ನಿಮಿಷ ಇಬ್ಬರ ಜೊತೆ ಮಾತಾಡ್ತೀನಿ. ಆಮೇಲೆ ಅರ್ಧ ಅರ್ಧ ಗಂಟೆ ಒಬ್ಬೊಬ್ಬರ ಜೊತೆ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳಲ್ಲ. ಎಲ್ಲರಿಗೂ ಇದೇ." ಗಂಡನನ್ನು ಮೊದಲು ಕರೆಯುತ್ತೇನೆ. ಆಮೇಲೆ ಆಕೆಯನ್ನು ಕರೆದಾಗ, ತನಗೂ ಇದೇ ಪ್ರಶ್ನೆ ಕೇಳಿದರು ಅಂತ ಅವರಿಗೆ ಗೊತ್ತಿರುತ್ತದೆ. ಆಕೆಯ ಫೋನನ್ನು ಹೊರಗೆ ಇಡಿಸುತ್ತೇನೆ, ಇಬ್ಬರದ್ದೂ ಇಡಿಸುತ್ತೇನೆ. ಕಾಲ್ ಆನ್ ಮಾಡಿಸಿ ಹೊರಗಿನಿಂದ ಕೇಳಿಸಿಕೊಂಡವರನ್ನು ನೋಡಿದ್ದೇನೆ.

ಗಂಡನನ್ನು ಕೇಳುವುದು ಬರೀ ನೆಪಕ್ಕಲ್ಲ. ಅವರಿಗೂ ಏಟು ಬೀಳುತ್ತಿರಬಹುದು. ಗಂಡಸು ಅದನ್ನು ಹೇಳಲು ಇನ್ನೂ ಜಾಸ್ತಿ ನಾಚಿಕೊಳ್ಳುತ್ತಾನೆ. ಒಟ್ಟಿಗೆ ಬಾಳುತ್ತಿರುವ ಇಬ್ಬರು ಹೆಂಗಸರು ಬಂದರೂ, ಇಬ್ಬರು ಗಂಡಸರು ಬಂದರೂ ಕೇಳುವುದು ಇದನ್ನೇ. ಎಷ್ಟೋ ಸಲ ಹೊಡೆಯುವವರೇ ಹೆಂಡತಿಗಿಂತ ಮೊದಲು ಒಪ್ಪಿಕೊಳ್ಳುತ್ತಾರೆ, ಯಾಕೆಂದರೆ ಅವರಿಗೆ ಅದು ತಪ್ಪು ಅನ್ನಿಸಿರುವುದೇ ಇಲ್ಲ. "ಸಿಟ್ಟು ಬಂದಾಗ ನೀವು ಏನು ಮಾಡ್ತೀರಿ? ಆಗ ಅವರು ಏನು ಮಾಡ್ತಾರೆ?" ಎಂದು ಕೇಳಿ. "ಮೂಲೇಲಿ ಕೂತ್ಕೋತಾಳೆ" ಎಂದು ಒಬ್ಬರು ಹೇಳಿದ್ದರು. ನನಗೆ ಅಷ್ಟು ಸಾಕಾಯಿತು.

ನಮ್ಮಲ್ಲಿ ಕುಟುಂಬ ಅಂದರೆ ಇಬ್ಬರೇ ಅಲ್ಲ. ಅತ್ತೆ ಬರುತ್ತಾರೆ, ಭಾವ ಬರುತ್ತಾರೆ, ತವರಿನಿಂದ ಅಣ್ಣ ಬರುತ್ತಾನೆ. "ನನ್ನ ಎದುರು ಹೇಳದೇ ಇರೋದು ಏನಿದೆ?" ಎಂದು ಅವಳ ತಾಯಿಯೇ ಕುರ್ಚಿ ಎಳೆದು ಕೂರುತ್ತಾರೆ. ತಾಯಿಯ ಎದುರೂ ಕೇಳಬೇಡಿ. "ಅನುಸರಿಸಿಕೊಂಡು ಹೋಗು ಮಗಳೇ" ಎಂದು ಕಳಿಸಿಕೊಟ್ಟವರು ಅವರೇ ಆಗಿರಬಹುದು. ಪಟ್ಟಿಯಲ್ಲಿ ಗಂಡನ ಹೆಸರು ಮಾತ್ರ ಇದ್ದರೆ, "ಮನೇಲಿ ಬೇರೆ ಯಾರಾದ್ರೂ ಕೈ ಮಾಡ್ತಾರಾ?" ಎಂಬ ಒಂದು ಪ್ರಶ್ನೆ ಸೇರಿಸಿ.

ಇಲ್ಲಿ ಸ್ವಲ್ಪ ನಿಂತು ಕುತ್ತಿಗೆಯ ಬಗ್ಗೆ ಹೇಳಬೇಕು. "ಕುತ್ತಿಗೆಗೆ ಕೈ ಹಾಕಿದ್ದಾರಾ?" ಇದನ್ನು ಬೇರೆಯಾಗಿ, ಇದೇ ಮಾತಿನಲ್ಲಿ ಕೇಳಿ. ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1985ರಲ್ಲಿ ಕೊಲೆಯ ಅಪಾಯ ಅಳೆಯುವ ಒಂದು ಪಟ್ಟಿ ಮಾಡಿದರು. ಅವರೂ ಇದ್ದ ತಂಡದ 2008ರ ಅಧ್ಯಯನದಲ್ಲಿ, ಹಿಂದೆ ಒಮ್ಮೆ ಕುತ್ತಿಗೆ ಹಿಸುಕಿಸಿಕೊಂಡಿದ್ದ ಹೆಂಗಸು ಮುಂದೆ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗಿಂತ ಜಾಸ್ತಿ ಎಂದು ಕಂಡುಬಂತು. ಹೊರಗೆ ಗುರುತೇ ಕಾಣದೆ ಇರಬಹುದು. ದನಿ ಒಡೆದಿರುತ್ತದೆ, ನುಂಗಲು ನೋವಾಗುತ್ತದೆ, ಕಣ್ಣಿನ ಬಿಳಿಯಲ್ಲಿ ಸಣ್ಣ ಕೆಂಪು ಚುಕ್ಕೆ ಇರುತ್ತವೆ, ಆ ಹೊತ್ತಿನಲ್ಲಿ ಗೊತ್ತಿಲ್ಲದೆ ಮೂತ್ರ ಹೋಗಿಬಿಟ್ಟಿರಬಹುದು. ನನ್ನ ಹತ್ತಿರ ಬಂದ ಒಬ್ಬರು ಇಡೀ ಅರ್ಧ ಗಂಟೆ ಪಿಸುಮಾತಿನಲ್ಲಿ ಮಾತಾಡಿದರು. ಹೆದರಿಕೆಗೆ ಅಂದುಕೊಂಡೆ. ಕೇಳಿದ ಮೇಲೆ ಗೊತ್ತಾಯಿತು, ಎರಡು ದಿನದಿಂದ ಅವರಿಗೆ ದನಿಯೇ ಬರುತ್ತಿರಲಿಲ್ಲ. ಇಂಥವರನ್ನು ಅವತ್ತೇ ಆಸ್ಪತ್ರೆಗೆ ಕಳಿಸಬೇಕು. ಒಳಗಿನ ಪೆಟ್ಟು ತಡವಾಗಿ ಜೀವ ತೆಗೆಯಬಹುದು. ಕೊಲ್ಲುತ್ತೇನೆ ಎಂಬ ಬೆದರಿಕೆ, ಕತ್ತಿ ಮಚ್ಚು ತೋರಿಸಿದ್ದು, ಬಸುರಿಯಾಗಿದ್ದಾಗ ಹೊಡೆದದ್ದು, ಅನುಮಾನದಿಂದ ಹಿಂಬಾಲಿಸುವುದು, ಇವೂ ಕೆಂಪು ದೀಪಗಳೇ. ಆಕೆ ಬಿಟ್ಟು ಹೋಗಲು ತೀರ್ಮಾನ ಮಾಡಿದ ದಿನಗಳು ಎಲ್ಲಕ್ಕಿಂತ ಅಪಾಯದವು. ಆಕೆಗೇ ಸಾಯುವ ಯೋಚನೆ ಬಂದಿದೆಯಾ ಅಂತಲೂ ಕೇಳಿ.

ಹೌದು ಎಂದರೆ ಏನು ಮಾಡುವುದು? ಈ ಭಯಕ್ಕೇ ನಮ್ಮಲ್ಲಿ ಅರ್ಧ ಜನ ಕೇಳುವುದಿಲ್ಲ. ಮೊದಲು, ಗಾಬರಿ ಬೀಳಬೇಡಿ. "ನೀವು ಹೇಳಿದ್ದು ಒಳ್ಳೇದಾಯ್ತು. ಇದು ನಿಮ್ಮ ತಪ್ಪಲ್ಲ" ಎನ್ನಿ. "ಯಾಕೆ ಇಷ್ಟು ದಿನ ಸುಮ್ಮನಿದ್ರಿ?" ಅನ್ನಬೇಡಿ. "ಇವತ್ತು ಮನೆಗೆ ಹೋಗೋಕೆ ಭಯ ಇದೆಯಾ?" ಎಂದು ಕೇಳಿ. ಇಲ್ಲ ಎಂದರೆ, ಜಗಳ ಜೋರಾದರೆ ಅಡುಗೆ ಮನೆಯಲ್ಲಿ ನಿಲ್ಲಬೇಡಿ, ಹೊರಗೆ ಹೋಗುವ ಬಾಗಿಲಿನ ಕಡೆ ಇರಿ ಎಂದು ಹೇಳಿ. ಯಾವ ಪಕ್ಕದ ಮನೆಗೆ ಓಡಬಹುದು, ಆಧಾರ್, ರೇಷನ್ ಕಾರ್ಡ್, ಮಕ್ಕಳ ಶಾಲೆಯ ಕಾಗದ, ಒಂದಿಷ್ಟು ದುಡ್ಡು ಎಲ್ಲಿ ಇಡಬಹುದು ಎಂದು ಕೂತು ಯೋಚಿಸಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಚೀಟಿಯಲ್ಲಿ ಬರೆದು ಕೊಡಬೇಡಿ, ಬಾಯಿಪಾಠ ಮಾಡಿಸಿ. ನೀವು ಯಾವ ನಂಬರಿಗೆ, ಯಾವ ಹೊತ್ತಿಗೆ ಫೋನ್ ಮಾಡಬಹುದು ಎಂದು ಆಕೆಯನ್ನೇ ಕೇಳಿ. ಬಿಡಬೇಕಾ ಇರಬೇಕಾ ಅನ್ನುವ ತೀರ್ಮಾನ ಆಕೆಯದು. ಆಕೆಯನ್ನು ಕೇಳದೆ ಗಂಡನನ್ನು ಕರೆದು "ಹೊಡೆಯಬೇಡಿ" ಎಂದು ಬುದ್ಧಿ ಹೇಳಲು ಮಾತ್ರ ಹೋಗಬೇಡಿ. ಅವತ್ತು ರಾತ್ರಿ ನೀವು ಅಲ್ಲಿರುವುದಿಲ್ಲ.

ಒಟ್ಟಿಗೆ ಕೂರಿಸುವುದನ್ನು ನಿಲ್ಲಿಸಲು ಆಕೆಯ ಮಾತನ್ನು ಕಾರಣ ಮಾಡಬೇಡಿ. "ಸದ್ಯಕ್ಕೆ ಇಬ್ಬರಿಗೂ ಬೇರೆ ಬೇರೆಯಾಗಿ ಕೆಲಸ ಮಾಡಿದ್ರೆ ಒಳ್ಳೇದು ಅಂತ ನನಗೆ ಅನ್ನಿಸ್ತಿದೆ" ಎಂದು ಹೊಣೆಯನ್ನು ನಮ್ಮ ತಲೆಗೇ ಹಾಕಿಕೊಳ್ಳಬೇಕು.

ಕಾನೂನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಧ್ಯಾಹ್ನ ವಕೀಲರು ಬರುತ್ತಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಏಟು ಮಾತ್ರ ಅಲ್ಲ, ಲೈಂಗಿಕ ಹಿಂಸೆ, ಬೈಗುಳ, ಮನಸ್ಸಿಗೆ ಕೊಡುವ ಹಿಂಸೆ, ದುಡ್ಡು ಕಿತ್ತುಕೊಳ್ಳುವುದು, ಎಲ್ಲವೂ ಅದರಲ್ಲಿ ಬರುತ್ತದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು, ಅಂದರೆ ಈ ಕಾಯ್ದೆಯಡಿ ಆಕೆಯ ನೆರವಿಗೆ ಇರುವ ಅಧಿಕಾರಿಗಳು. ಹಿಂಸೆಗೆ ಸಿಕ್ಕ ಹೆಂಗಸರಿಗಾಗಿ ಸರ್ಕಾರ ನಡೆಸುವ 'ಸಖಿ' ಕೇಂದ್ರಗಳಲ್ಲಿ ಕೆಲವು ದಿನ ತಂಗಲು ಜಾಗ ಸಿಗುತ್ತದೆ. ಹೆಂಗಸಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಆದರೆ ಆ ಕಾಯ್ದೆಯ ಒಂದು ಮೂಲೆಯನ್ನು ನೀವೆಲ್ಲರೂ ಓದಲೇಬೇಕು. 14ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಕೌನ್ಸೆಲಿಂಗ್‌ಗೆ ಕಳಿಸಬಹುದು, ಒಬ್ಬೊಬ್ಬರನ್ನೇ ಅಥವಾ ಇಬ್ಬರನ್ನೂ. ಅದಕ್ಕೆ ಸಂಬಂಧಪಟ್ಟ 2006ರ ನಿಯಮಗಳಲ್ಲೂ 14ನೆಯದೇ ನೋಡಿ. ಹಿಂಸೆ ಮತ್ತೆ ಆಗುವುದಿಲ್ಲ ಎಂಬ ಭರವಸೆ ಪಡೆಯುವುದೇ ಈ ಕೌನ್ಸೆಲಿಂಗ್‌ನ ಸ್ವರೂಪ ಎಂದು ಅಲ್ಲಿದೆ. ತಾನು ಯಾಕೆ ಹೊಡೆದೆ ಎಂದು ಸಮರ್ಥನೆ ಕೊಡಲು ಗಂಡನಿಗೆ ಅವಕಾಶ ಇಲ್ಲ, ಈ ಮಾತನ್ನು ಶುರುವಿಗೆ ಮೊದಲೇ ಅವನಿಗೆ ತಿಳಿಸಬೇಕು ಎಂದಿದೆ. ರಾಜಿಯ ಮಾತು ಬರುವುದು ಆಕೆ ಬಯಸಿದರೆ ಮಾತ್ರ. ಇದನ್ನು ನಮ್ಮ ಕಚೇರಿಗಳಲ್ಲಿ ನಡೆಯುವುದರ ಪಕ್ಕ ಇಟ್ಟು ನೋಡಿ. "ಇವಳು ಏನು ಮಾಡಿದ್ಳು ಅಂದ್ರೆ" ಎಂದು ಅವನು ಶುರು ಮಾಡುತ್ತಾನೆ, ನಾವು ಪೆನ್ನು ಹಿಡಿದು ಬರೆದುಕೊಳ್ಳುತ್ತೇವೆ.

ಕೊನೆಯಲ್ಲಿ ಸಭೆಯಿಂದ ಒಬ್ಬ ತಂಗಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "ಮೇಡಂ, ಒಂಟಿಯಾಗಿ ಕೇಳಿದ್ರೂ ಇಲ್ಲ ಅಂತಾರೆ. ನಮಗೆ ಅನುಮಾನ ಇರತ್ತೆ. ಆಗ ಏನು ಮಾಡೋದು?"

ಬಲವಂತ ಮಾಡಬೇಡಿ ಎಂದೆ. ಇಲ್ಲ ಅನ್ನುವುದಕ್ಕೆ ಆಕೆಗೆ ಕಾರಣ ಇರುತ್ತದೆ. ನೀವು ನಂಬಿಕೆಗೆ ಯೋಗ್ಯರಾ ಅಂತ ಆಕೆಯೂ ನೋಡುತ್ತಿರುತ್ತಾಳೆ. ಅನುಮಾನ ಇರುವ ತನಕ ಒಟ್ಟಿಗೆ ಕೂರಿಸಬೇಡಿ, ಏನಾದರೂ ನೆಪ ಹೇಳಿ ಬೇರೆ ಬೇರೆಯಾಗಿಯೇ ನೋಡಿ. ಮತ್ತೆ ಕೇಳಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬರು ನಾಲ್ಕು ಸಲವೂ ಇಲ್ಲ ಎಂದಿದ್ದರು. ನಾಲ್ಕನೇ ಸಲ ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಮುಂದಿನ ಸಲವೂ ಇದನ್ನೇ ಕೇಳ್ತೀರಾ ಮೇಡಂ?" ಎಂದರು. ಬೇಜಾರಾಯಿತೇನೋ ಅಂದುಕೊಂಡೆ. ಆದರೂ "ಕೇಳ್ತೀನಿ, ಎಲ್ಲರನ್ನೂ ಕೇಳ್ತೀನಿ" ಎಂದೆ. ಐದನೇ ಸಲ ಕೇಳಿದಾಗ ಅವರು ಎದ್ದು ಹೋಗಿ ಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯಾ ಎಂದು ನೋಡಿದರು. ವಾಪಸ್ ಬಂದು, ಕುರ್ಚಿಯನ್ನು ಸ್ವಲ್ಪ ನನ್ನ ಕಡೆ ಎಳೆದುಕೊಂಡು ಕೂತರು. ಆಮೇಲೆ ಹೇಳಿದರು.